ಅತ್ತೆಯವರ ತಂಬಾಕು, ನನ್ನ ಸಿಗರೇಟು

ಯಾದಗಿರಿಯ ಆಸ್ಪತ್ರೆಯೊಂದರ ಹಲ್ಲಿನ ವಿಭಾಗದಲ್ಲಿ ನನ್ನ ಹೆಂಡತಿಯ ತಾಯಿ ಬಾಯಿ ತೆರೆದು ಕೂತಿದ್ದರು. ನಾನೂ ನನ್ನ ಹೆಂಡತಿಯೂ ಪಕ್ಕದಲ್ಲಿ ನಿಂತಿದ್ದೆವು. ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ಅತ್ತೆಯವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವರು ಸುರಪುರದ ಆಚೆ, ಕೊಡೇಕಲ್ ಕಡೆಯ ಹಳ್ಳಿಯವರು. ಅಳಿಯನ ಎದುರು ಸೆರಗು ಮುಂದೆಳೆದುಕೊಳ್ಳದೆ ಬಂದವರಲ್ಲ. ಅವನ ಜೊತೆ ಎದುರಾಬದುರು ಮಾತಾಡುವುದಂತೂ ಅವರ ಪಾಲಿಗೆ ಮರ್ಯಾದೆಯಲ್ಲ. ಏನಾದರೂ ಹೇಳಬೇಕಾದರೆ ಮಗಳಿಗೆ ಹೇಳುವರು. ಮಗಳು ಹತ್ತಿರ ಇಲ್ಲದಿದ್ದರೆ ಗೋಡೆಗೆ ಹೇಳುವರು. "ರೊಟ್ಟಿ ಆಗ್ಯಾವ, ಉಣ್ಣಾಕ ಬರ್ಬೇಕಂತ" ಎಂದು ಅವರು ಗೋಡೆಗೆ ಹೇಳಿದರೆ ನಾನು ಎದ್ದು ಹೋಗಿ ತಟ್ಟೆಯ ಮುಂದೆ ಕೂರುತ್ತಿದ್ದೆ. ಹದಿನಾರು ವರ್ಷ ಈ ವ್ಯವಹಾರ ಚೆನ್ನಾಗಿಯೇ ನಡೆದಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅತ್ತೆಯವರ ಕೆನ್ನೆಯ ಒಳಗೆ ಬ್ಯಾಟರಿ ಹಿಡಿದು, ಅಲ್ಲಿದ್ದ ಬಿಳಿ ಕಲೆಯನ್ನು ನಮ್ಮಿಬ್ಬರಿಗೂ ತೋರಿಸಿದರು. ಹಿಂದಿನ ಸಲ ಬಂದಾಗ ಅಲ್ಲಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿಯಲ್ಲಿ ಹೆದರುವಂಥದ್ದು ಏನೂ ಬಂದಿರಲಿಲ್ಲ.

"ಎಷ್ಟು ವರ್ಷದಿಂದ ತಂಬಾಕು ಹಾಕ್ತೀರಮ್ಮಾ?"

"ಮದಿವ್ಯಾಗಿ ಬಂದಾಗಿಂದ್ರಿ."

"ಇವತ್ತಿಗೆ ಸಾಕ್ ಮಾಡ್ರಿ. ಈಗಿದು ಬರೇ ಕಲಿ ಅಷ್ಟ. ಬಿಡಲಿಲ್ಲ ಅಂದ್ರ ಮುಂದ ಏನಾಗ್ತದ ಅನ್ನೋದು ನನ್ನ ಬಾಯಿಂದ ಹೇಳಸಬ್ಯಾಡ್ರಿ."

ಅತ್ತೆಯವರು ಬಾಯಿ ಮುಚ್ಚಿಕೊಂಡು, ಸೆರಗು ಸರಿಮಾಡಿಕೊಂಡು, ಅಭ್ಯಾಸದಂತೆ ಗೋಡೆಯ ಕಡೆ ನೋಡಿದರು. ಅಲ್ಲಿ ಹಲ್ಲುಗಳ ದೊಡ್ಡ ಚಿತ್ರವೊಂದಿತ್ತು. ಅದರಿಂದ ಅವರಿಗೆ ಯಾವ ಸಹಾಯವೂ ಸಿಕ್ಕಂತೆ ಕಾಣಲಿಲ್ಲ. ಆಮೇಲೆ ಮೆಲ್ಲಗೆ ಕೈ ಎತ್ತಿ ನನ್ನ ಅಂಗಿಯ ಜೇಬನ್ನು ತೋರಿಸಿದರು. ತೆಳ್ಳನೆಯ ಅಂಗಿ, ಒಳಗಿನ ಸಿಗರೇಟು ಪ್ಯಾಕಿನ ಬಣ್ಣ ಕೂಡ ಹೊರಗೆ ಕಾಣುತ್ತಿತ್ತು.

"ನಮ್ಮ ಅಳಿಯಂದ್ರು ಅದನ್ನ ಬಿಟ್ರ ನಾನೂ ಇದನ್ನ ಬಿಡ್ತೀನ್ರಿ."

ನನ್ನಿಂದ ಅದು ಆಗುವುದಿಲ್ಲ ಎನ್ನುವುದು ಅವರಿಗೆ ಖಾತ್ರಿಯಿತ್ತು. ನನಗೂ ಖಾತ್ರಿಯಿತ್ತು. ಆದರೆ ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ನನ್ನ ಹೆಂಡತಿ ನೋಡುತ್ತಿದ್ದಳು. ಕೆನ್ನೆ ಊದಿಸಿಕೊಂಡು ತನ್ನ ಸರದಿಗಾಗಿ ಕಾಯುತ್ತಿದ್ದ ಅಪರಿಚಿತನೊಬ್ಬ ಹಲ್ಲುನೋವನ್ನೂ ಮರೆತು ನೋಡುತ್ತಿದ್ದ. ಹೆಂಡತಿ ವರ್ಷಗಟ್ಟಲೆ ಗೋಗರೆದರೂ ಬಿಡದವನು ಆ ಕೆನ್ನೆ ಊದಿದವನ ಎದುರು ಸಣ್ಣವನಾಗಲು ಒಪ್ಪಲಿಲ್ಲ. ಜೇಬಿನಿಂದ ಪ್ಯಾಕು ತೆಗೆದು, ಎಲ್ಲರಿಗೂ ಕಾಣುವಂತೆ ಒಮ್ಮೆ ಎತ್ತಿ ಹಿಡಿದು, ಕಸದ ಬುಟ್ಟಿಗೆ ಹಾಕಿದೆ.

"ಆಯ್ತ್ರಿ. ಇವತ್ತಿಂದ ಬಂದ್" ಎಂದೆ.

ಅತ್ತೆಯವರ ಮುಖ ಇಳಿಯಿತು. ಶಹಾಪುರಕ್ಕೆ ಹೊರಟ ಬಸ್ಸು ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ನನ್ನದೂ ಇಳಿದಿತ್ತು. ಪ್ಯಾಕು ಇನ್ನೂ ಅರ್ಧ ತುಂಬಿತ್ತು. ಕನಿಷ್ಠ ಖಾಲಿ ಪ್ಯಾಕು ಎಸೆದಿದ್ದರೂ ಶೌರ್ಯ ಅಷ್ಟೇ ಇರುತ್ತಿತ್ತಲ್ಲ ಎಂದು ಬಸ್ಸಿನಲ್ಲಿ ಹೊಳೆಯಿತು. ನನಗೆ ಬುದ್ಧಿ ಬರುವುದೇ ಬಸ್ಸು ಹತ್ತಿದ ಮೇಲೆ.

ನಾನು ಶಹಾಪುರದಲ್ಲಿ ಪಶು ಇಲಾಖೆಯ ಸಣ್ಣ ನೌಕರ. ಹಳ್ಳಿಗಳಿಗೆ ಹೋಗಿ ಕುರಿ, ಆಡು, ದನಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಜನ ಡಾಕ್ಟ್ರೇ ಎನ್ನುತ್ತಾರೆ. ನಾನು ಡಾಕ್ಟರಲ್ಲ. ಮೊದಮೊದಲು ತಿದ್ದುತ್ತಿದ್ದೆ, ಈಗ ತಿದ್ದುವುದಿಲ್ಲ. ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಗಳು ಆ ವರ್ಷ ಹತ್ತನೆಯ ತರಗತಿ. ಚಿಕಿತ್ಸೆ ಮುಗಿಯುವವರೆಗೆ ಅತ್ತೆಯವರು ನಮ್ಮ ಮನೆಯಲ್ಲೇ ಇರುವುದೆಂದು ತೀರ್ಮಾನವಾಯಿತು. ಹೀಗೆ ಒಂದೇ ಸೂರಿನ ಕೆಳಗೆ ಚಟ ಬಿಟ್ಟ ಇಬ್ಬರು, ಅವರನ್ನು ಸಹಿಸಬೇಕಾದ ಇಬ್ಬರು ಉಳಿದೆವು.

ಸಿಗರೇಟು ಬಿಡುವುದೆಂದರೆ ಸಿಗರೇಟೊಂದನ್ನೇ ಬಿಡುವುದು ಎಂದು ತಿಳಿದಿದ್ದೆ. ನನ್ನ ಹೊಟ್ಟೆಯೂ ಅದನ್ನೇ ನೆಚ್ಚಿಕೊಂಡು ಕೂತಿದೆ ಎಂಬುದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಚಹಾ ಕುಡಿದು, ಪಾಯಖಾನೆಗೆ ಹೋಗಿ ಕೂತೆ. ಕೂತೇ ಇದ್ದೆ. ಕೈಬೆರಳುಗಳು ಇಲ್ಲದ ಸಿಗರೇಟನ್ನು ಹಿಡಿದುಕೊಂಡು ಕಾಯುತ್ತಿದ್ದವು. ಉಳಿದ ದೇಹ ಬೆರಳುಗಳಿಗಾಗಿ ಕಾಯುತ್ತಿತ್ತು. ಹೊರಗೆ ಅಂಗಳದಲ್ಲಿ ಅತ್ತೆಯವರ ದನಿ ಕೇಳಿಸಿತು. ಗೋಡೆಗೆ ಹೇಳುತ್ತಿದ್ದರು: "ನಳಕ್ಕ ನೀರ ಬಂದಾವ. ಒಳಗ ಹೋದವ್ರು ಜಲ್ದಿ ಬರ್ಬೇಕಂತ."

ಬಂದ ಕೆಲಸ ಆಗದೆಯೇ ಎದ್ದು ಹೋಗಿ ನೀರು ತುಂಬಿದೆ. ಹಲವು ದಿನ ಹಾಗೆಯೇ ನಡೆಯಿತು. ಬಾಳೆಹಣ್ಣು, ಬಿಸಿನೀರು, ಇಸಬಗೋಲು ಎಲ್ಲ ಆಯಿತು. ಮನುಷ್ಯ ಎಷ್ಟೇ ದೊಡ್ಡ ಸಂಕಲ್ಪ ಮಾಡಲಿ, ಅದನ್ನು ಕರುಳಿಗೂ ಒಂದು ಮಾತು ತಿಳಿಸಿ ಮಾಡಬೇಕು.

ಬಾಯಿ ಖಾಲಿ ಬಿಡಬಾರದೆಂದು ಹೆಂಡತಿ ಬಡೇಸೋಪು, ಲವಂಗ ಕಟ್ಟಿಕೊಟ್ಟಳು. ಲವಂಗ ಕಡಿದು ಕಡಿದು ನಾಲಿಗೆ ಮರಗಟ್ಟಿತು. ನಂತರ ಹುರಿದ ಶೇಂಗಾ, ಚುರುಮುರಿ, ಪುಟಾಣಿ ಕಡಲೆಗೆ ಬಂದೆ. ಪ್ಯಾಂಟಿನ ಎರಡೂ ಜೇಬು ತುಂಬಿಕೊಂಡು ನಮ್ಮ ದನದ ಆಸ್ಪತ್ರೆಗೆ ಹೋಗುತ್ತಿದ್ದೆ. ಒಂದು ದಿನ ಜ್ವರವೆಂದು ಕರೆತಂದಿದ್ದ ಆಡೊಂದು, ನಾನು ಅದರ ಬಾಲದ ಕಡೆ ಥರ್ಮಾಮೀಟರ್ ಇಟ್ಟು ಬಗ್ಗಿದ್ದಾಗ ಕತ್ತು ಹೊರಳಿಸಿ ನನ್ನ ಜೇಬಿಗೆ ಬಾಯಿ ಹಾಕಿ ಶೇಂಗಾ ಜೊತೆ ಜೇಬನ್ನೂ ಜಗಿಯತೊಡಗಿತು. ಅದರ ಒಡೆಯ ಸಂತೋಷಪಟ್ಟ: "ಎರಡ ದಿನ ಆಗಿತ್ತ ನೋಡ್ರಿ ಅದು ಮೇವ ಮುಟ್ಟಿ. ನಿಮ್ಮ ಕೈಗುಣ ಭಾಳ ಚಲೋ ಅದ." ನಾನು ಹರಿದ ಜೇಬು ಹಿಡಿದುಕೊಂಡು ಹೊಗಳಿಕೆ ಸ್ವೀಕರಿಸಿದೆ.

ಸಿಟ್ಟು ಮಾತ್ರ ಯಾವ ಶೇಂಗಾಕ್ಕೂ ಬಗ್ಗಲಿಲ್ಲ. ಫ್ಯಾನು ನಿಧಾನ ತಿರುಗಿದರೂ ಸಿಟ್ಟು, ಜೋರಾಗಿ ತಿರುಗಿದರೂ ಸಿಟ್ಟು. ಮೋಟರ್‌ಸೈಕಲ್ ಒಂದೇ ಒದೆತಕ್ಕೆ ಶುರುವಾದರೆ, ಕಿಕ್ಕು ಹೊಡೆಯುವ ಮೊದಲು ಸಿಗರೇಟು ಹಚ್ಚುತ್ತಿದ್ದುದು ನೆನಪಾಗಿ ಸಿಟ್ಟು. ಟಿ.ವಿ.ಯಲ್ಲಿ ಹವಾಮಾನ ಓದುವ ಹೆಣ್ಣುಮಗಳ ಮೇಲೂ ಒಂದು ಸಂಜೆ ಕೂಗಾಡಿದೆ. ಮಗಳು ಪುಸ್ತಕ ಮಡಚಿಟ್ಟು ಎದ್ದು ಹೋಗಿ, ಅಡುಗೆಮನೆಯಲ್ಲಿ ತಾಯಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು:

"ಯವ್ವಾ, ಅಪ್ಪಗ ಒಂದ ಸಿಗರೇಟ್ ತರಿಸಿ ಕೊಡವಾ. ನನ್ನ ಪರೀಕ್ಷಿ ಮುಗಿಯೋ ತನಕ ಸೇದ್ಲಿ. ಆಮ್ಯಾಲ ಬೇಕಾದ್ರ ಬಿಡ್ಲಿ."

ಅತ್ತೆಯವರ ಅವಸ್ಥೆಯೂ ಇದೇ ಆಗಿತ್ತು. ಅವರದು ಕೈಯಲ್ಲಿ ಕಾಣಿಸುತ್ತಿತ್ತು. ಆರಿಸಿದ ತೊಗರಿಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದು ಆರಿಸುವರು. ಕಸ ಗುಡಿಸಿ, ಗುಡಿಸಿದ್ದು ಸರಿಯಾಗಲಿಲ್ಲವೆಂದು ಮತ್ತೆ ಗುಡಿಸುವರು. ಪಾತ್ರೆ ತಿಕ್ಕಲು ಕೂತರೆ ಓಣಿಗೆಲ್ಲ ಸದ್ದು. ಅವರ ಸೊಂಟದಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು ಇಟ್ಟುಕೊಳ್ಳುವ ಬಟ್ಟೆಯ ಚಂಚಿಯೊಂದು ಸಿಕ್ಕಿಸಿರುತ್ತಿತ್ತು. ತಂಬಾಕಿನ ಖಾನೆ ಖಾಲಿಯಾಗಿದ್ದರೂ ಚಂಚಿ ಅಲ್ಲಿಂದ ಕದಲಿರಲಿಲ್ಲ. ಯಾರೂ ನೋಡುತ್ತಿಲ್ಲ ಎನ್ನಿಸಿದಾಗ ಅದನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಮತ್ತೆ ಕಟ್ಟಿಡುವರು. ನನ್ನ ಹೆಂಡತಿ ಅದನ್ನು ಒಗೆಯಲು ಕೇಳಿದ್ದಕ್ಕೆ ಎರಡು ಹೊತ್ತು ಮಾತು ಬಿಟ್ಟಿದ್ದರು.

ಹೆಂಡತಿ ನನ್ನೆದುರು ಹಣೆ ಚಚ್ಚಿಕೊಂಡಳು. "ಶಾಲ್ಯಾಗ ಅಷ್ಟ ಹುಡುಗರನ್ನ ಸಂಭಾಳಸ್ತೀನ್ರಿ. ಮನ್ಯಾಗ ನಿಮ್ಮಿಬ್ಬರನ್ನ ಸಂಭಾಳ್ಸೂದು ನನ್ನ ಕೈಲೆ ಆಗವಲ್ದು."

ನಮ್ಮಿಬ್ಬರಲ್ಲಿ ಒಬ್ಬರು ಸೋತರೆ ಇನ್ನೊಬ್ಬರಿಗೆ ಬಿಡುಗಡೆ. ಕರಾರು ಹಾಗೇ ಇತ್ತಲ್ಲ. ಆದ್ದರಿಂದ ಒಬ್ಬರು ಇನ್ನೊಬ್ಬರ ಸೋಲಿಗೆ ಕಾಯುತ್ತಿದ್ದೆವು ಎಂದು ಒಪ್ಪಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ. ನಾನು ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದ ಕೂಡಲೇ ಅತ್ತೆಯವರು ಒಗೆಯುವ ನೆಪದಲ್ಲಿ ಅದನ್ನು ಎತ್ತಿಕೊಂಡು ಹೋಗಿ ಮೂಸುತ್ತಿದ್ದರು. ಒಂದು ಸಂಜೆ ಅಂಗಿಯನ್ನು ಹಿಡಿದುಕೊಂಡು ಪಡಸಾಲೆಗೆ ಬಂದು ಗೋಡೆಯೆದುರು ನಿಂತರು. ಮುಖದಲ್ಲಿ ಕಳ್ಳನನ್ನು ಹಿಡಿದ ಸಂಭ್ರಮ.

"ಅಂಗಿ ಸೇದ್ಯಾದ" ಎಂದರು.

ನಾನು ಹೆಂಡತಿಯ ಕಡೆ ತಿರುಗಿದೆ. "ನಿಮ್ಮವ್ವಗ ಹೇಳು, ಅಂಗಿ ಸೇದಿಲ್ಲ. ಚಾದಂಗಡ್ಯಾಗ ಕುಂತಿದ್ದೆ, ಎಲ್ಲಾರೂ ಸೇದಾಕತ್ತಿದ್ರು. ಅದರ ವಾಸ್ನಿ ಹತ್ಯಾದ."

"ಅವ್ರಿಗಿ ಹೇಳವಾ, ಸೇದೋರ ನಡುವ ಹೋಗಿ ಯಾಕ ಕುಂದ್ರಬೇಕಂತ."

"ನಿಮ್ಮವ್ವಗ ಕೇಳು, ಖಾಲಿ ಚಂಚಿ ಯಾಕ ಮೂಸ್ತಾರಂತ."

ಅತ್ತೆಯವರ ಕೈ ತಟ್ಟನೆ ಸೊಂಟಕ್ಕೆ ಹೋಯಿತು. ಹೆಂಡತಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಇಬ್ಬರೂ ಇಲ್ಲೇ ಅದೀರಿ, ಇಬ್ಬರಿಗೂ ಕಿವಿ ಅದಾವ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟಳು. ನಡುವೆ ಗೋಡೆ ಮಾತ್ರ ಉಳಿಯಿತು. ಅದಕ್ಕೂ ಸಾಕಾಗಿತ್ತೇನೋ.

ಅದಾದ ಕೆಲವು ದಿನಗಳ ಮೇಲಿನ ಒಂದು ಮಧ್ಯಾಹ್ನ. ಬಿಸಿಲು ಏರುವ ಕಾಲ. ನಾನು ಊಟಕ್ಕೆ ಮನೆಗೆ ಬಂದಿದ್ದೆ. ಹೆಂಡತಿ, ಮಗಳು ಶಾಲೆಯಲ್ಲಿದ್ದರು. ಕರೆಂಟು ಹೋಗಿತ್ತು. ಉಂಡ ಮೇಲಿನ ಹೊತ್ತು ಸಿಗರೇಟು ಸೇದುವವನಿಗೆ ದಿನದ ಅತ್ಯಂತ ಕೆಟ್ಟ ಹೊತ್ತು. ಹೊಟ್ಟೆ ತುಂಬಿರುತ್ತದೆ, ಮತ್ತೆಲ್ಲವೂ ಖಾಲಿ. ನಾನು ಹಿತ್ತಲಿನಲ್ಲಿ ಬೇವಿನ ಗಿಡದಿಂದ ಬಚ್ಚಲವರೆಗೆ, ಬಚ್ಚಲಿನಿಂದ ಬೇವಿನ ಗಿಡದವರೆಗೆ ಗಾಣದೆತ್ತಿನಂತೆ ತಿರುಗುತ್ತಿದ್ದೆ. ಅತ್ತೆಯವರು ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ಬಚ್ಚಲ ಗೋಡೆಗೆ ಹೇಳಿದರು:

"ಒಬ್ರು ಭಾಳ ತಿರಗಾಕತ್ತಾರ. ಅವ್ರಿಗಿ ಇವತ್ತ ಜಾಸ್ತಿ ಆಗ್ಯಾದೇನೊ."

ನಾನೂ ನಿಂತು ಅದೇ ಗೋಡೆಗೆ ಹೇಳಿದೆ: "ಹೌದಂತ. ಭಾಳ ಜಾಸ್ತಿ ಆಗ್ಯಾದಂತ."

ಮೊರದ ಸದ್ದು ನಿಂತಿತು. ಅತ್ತೆಯವರು ಗೋಡೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದರು. ಸೆರಗು ತಲೆಯ ಮೇಲಿತ್ತು, ಮುಖದ ಮೇಲಿರಲಿಲ್ಲ.

"ನಿಮಗ ಎಲ್ಲಿ ಎಳಿತದ್ರಿ?"

ಹದಿನಾರು ವರ್ಷಗಳಲ್ಲಿ ಅವರು ನನಗೆ ಕೇಳಿದ ಮೊದಲ ಪ್ರಶ್ನೆ. ನಾನು ಕತ್ತಿನ ಕೆಳಗೆ ಬೆರಳಿಟ್ಟು ತೋರಿಸಿದೆ. "ಇಲ್ಲಿ ನೋಡ್ರಿ ಅತ್ತಿ. ಗಂಟಲದ ಬುಡಕ್ಕ. ಯಾರೋ ದಾರ ಕಟ್ಟಿ ಜಗ್ಗಿದಂಗ ಆಗ್ತದ. ನಿಮಗ?"

"ನನಗ ದವಡ್ಯಾಗ. ಒಳಗ ಒಂದ ಕೂಸು ಕುಂತು ಅಳಾಕತ್ತದೇನೊ ಅನಸ್ತದ. ಏನ್ ಕೊಟ್ರೂ ಸುಮ್ಕಾಗವಲ್ದು. ಬೆಲ್ಲ ಕೊಟ್ಟೆ, ಹುಣಸೆಹಣ್ಣ ಕೊಟ್ಟೆ, ಉಪ್ಪ ಕೊಟ್ಟೆ."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಅವರು ಹೇಗೆ ಶುರುಮಾಡಿದರೆಂದು ಕೇಳಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಹೊಲದಲ್ಲಿ ಕಸ ತೆಗೆಯುವಾಗ ಹಸಿವಾಗುತ್ತಿತ್ತಂತೆ. ಮನೆಯಿಂದ ಬುತ್ತಿ ಬರುವುದು ಹೊತ್ತು ನೆತ್ತಿಗೇರಿದ ಮೇಲೆ. ಅವರ ಅತ್ತೆ ಒಂದು ಚಿಟಿಕೆ ತಂಬಾಕು ಅಂಗೈಗೆ ಹಾಕಿ, ಇದನ್ನು ದವಡೆಗೆ ಇಟ್ಟುಕೋ, ಹಸಿವು ಗೊತ್ತಾಗುವುದಿಲ್ಲ ಎಂದಿದ್ದರಂತೆ.

"ಖರೇನ ಗೊತ್ತಾಗ್ಲಿಲ್ಲ ನೋಡ್ರಿ. ಆಮ್ಯಾಲ ಉಣ್ಣಾಕ ಬೇಕಾದಷ್ಟ ಬಂತು. ಇದು ಹೋಗ್ಲಿಲ್ಲ. ನಿಮ್ದು ಹ್ಯಾಂಗ?"

ಆ ಮಾತಿನ ನಂತರ ನನ್ನದನ್ನು ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. ಕಾಲೇಜಿನಲ್ಲಿ ನನ್ನ ಜೊತೆಯವರಿಗೆಲ್ಲ ಮೀಸೆ ಬಂದಿತ್ತು, ನನಗೆ ಬಂದಿರಲಿಲ್ಲ. ಸಿಗರೇಟು ಹಿಡಿದರೆ ದೊಡ್ಡವನಂತೆ ಕಾಣುತ್ತೇನೆಂದು ಯಾರೋ ಹೇಳಿದ್ದರು.

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗಾಡಿದವು. ಕೊನೆಗೆ ಸೆರಗು ಬಿಟ್ಟು ಬಾಯಿ ತುಂಬ ನಕ್ಕರು. ಮೊರದಲ್ಲಿದ್ದ ಬೇಳೆ ನೆಲಕ್ಕೆ ಚೆಲ್ಲಿತು.

"ಮೀಸಿ ಬಂದು ಎಷ್ಟ ವರ್ಷಾತ್ರಿ? ಮತ್ತ ಇಲ್ಲೀತನ ಯಾಕ ಸೇದಿದ್ರಿ?"

ನಾನು ಬಗ್ಗಿ ಚೆಲ್ಲಿದ ಬೇಳೆಗೆ ಕೈ ಹಾಕಿದೆ. ಇಬ್ಬರೂ ಸೇರಿ ಅದನ್ನು ಬಳಿದು ಮೊರಕ್ಕೆ ಹಾಕಿದೆವು. ಸಂಜೆ ಶಾಲೆಯಿಂದ ಬಂದ ಹೆಂಡತಿ, ನಾವಿಬ್ಬರೂ ಎದುರು ಬದುರು ಕೂತು ಯಾರಿಗೆ ಯಾವ ಹೊತ್ತಿನಲ್ಲಿ ಹೆಚ್ಚು ಎಳೆಯುತ್ತದೆ ಎಂದು ಚರ್ಚಿಸುತ್ತಿರುವುದನ್ನು ಕಂಡು, ಚಪ್ಪಲಿ ಕಳಚುವುದನ್ನು ಮರೆತು ಬಾಗಿಲಲ್ಲೇ ನಿಂತಳು. ಮಾತು ಒಮ್ಮೆ ಶುರುವಾದ ಮೇಲೆ ಅತ್ತೆಯವರು ಹದಿನಾರು ವರ್ಷಗಳ ಬಾಕಿಯನ್ನು ನಿಲ್ಲಿಸದೆ ತೀರಿಸಿದರು. ನಾನು ಮದುವೆಯಲ್ಲಿ ಹೆಚ್ಚು ಉಂಡದ್ದು, ಮೊದಲ ದೀಪಾವಳಿಗೆ ಅವರ ಊರಿಗೆ ಹೋದಾಗ ಎಮ್ಮೆಗೆ ಹೆದರಿ ಕಟ್ಟೆ ಹತ್ತಿದ್ದು, ಎಲ್ಲವೂ ಬಂದವು. ಪಶು ಇಲಾಖೆಯವನು ಎಮ್ಮೆಗೆ ಹೆದರಬಹುದೇ ಎಂದು ಅವರು ಹದಿನಾರು ವರ್ಷ ಒಳಗೊಳಗೇ ಕೇಳಿಕೊಂಡಿದ್ದರಂತೆ.

ಇಷ್ಟಾದರೂ ಎಳೆತ ಕಡಿಮೆಯಾಗಲಿಲ್ಲ. ಸುರಪುರದ ದಾರಿಯ ಹಳ್ಳಿಯೊಂದರಲ್ಲಿ ಕುರಿಗಳಿಗೆ ಲಸಿಕೆ ಹಾಕುವ ದಿನ ಬಂತು. ಊರ ಹೊರಗಿನ ಬೀಳು ಹೊಲದಲ್ಲಿ ಹಟ್ಟಿ ಹಾಕಿದ್ದರು. ಕುರಿಗಾರರು ಒಂದೊಂದೇ ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದು ಕೊಡುವರು, ನಾನು ಸೂಜಿ ಹಾಕುವೆ. ಕೆಲಸ ಚೆನ್ನಾಗಿ ಸಾಗಿತ್ತು. ಅಷ್ಟರಲ್ಲಿ ಹಟ್ಟಿಯ ಹಿರಿಯನೊಬ್ಬ ಕಂಬಳಿ ಹಾಸಿಕೊಂಡು ಕೂತು ಬೀಡಿ ಹಚ್ಚಿದ.

ನಾನು ಬೀಡಿ ಸೇದಿದವನಲ್ಲ. ಬೀಡಿ ಸೇದುವವರನ್ನು ಕಂಡರೆ ಸಿಗರೇಟು ಸೇದುವವನಿಗೆ ಒಂದು ಸಣ್ಣ ಜಂಬ ಇರುತ್ತದೆ. ಅದು ನನಗೂ ಇತ್ತು. ಆ ದಿನ ಆ ಜಂಬ ಎಲ್ಲಿ ಹೋಯಿತೋ ಕಾಣೆ. ಹೊಗೆ ಮೂಗಿಗೆ ತಾಗಿದ್ದೇ ನನ್ನ ಕಾಲುಗಳು ತಾವಾಗಿಯೇ ಆ ಕಡೆ ಸರಿದವು. ಗಾಳಿ ಬಡಗಣಕ್ಕೆ ತಿರುಗಿದರೆ ನಾನು ಬಡಗಣಕ್ಕೆ, ಮೂಡಣಕ್ಕೆ ತಿರುಗಿದರೆ ಮೂಡಣಕ್ಕೆ. ಹಿಡಿದುಕೊಂಡಿದ್ದ ಕುರಿಯನ್ನೂ ಹಿಡಿದವನನ್ನೂ "ಈ ಕಡಿ ತರ್ರಿ, ಇಲ್ಲಿ ಬೆಳಕ ಚಲೋ ಅದ" ಎಂದು ಜೊತೆಗೆ ಎಳೆದೆ. ಬಟಾಬಯಲಿನಲ್ಲಿ, ನಡುಹಗಲಿನಲ್ಲಿ ನನಗೆ ಬೆಳಕು ಸಾಲದಾಗಿತ್ತು.

ಹಿರಿಯ ಸ್ವಲ್ಪ ಹೊತ್ತು ಕತ್ತು ತಿರುಗಿಸಿ ತಿರುಗಿಸಿ ನನ್ನನ್ನು ನೋಡಿದ. "ಯಾಕ್ರಿ ಡಾಕ್ಟ್ರ, ನನ್ನ ಸುತ್ತ ಪ್ರದಕ್ಷಿಣಿ ಹಾಕಾಕತ್ತೀರಿ? ನಾ ಏನ್ ದೇವ್ರೇನ್ರಿ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನಾನು ಏನೋ ಉತ್ತರ ಹೇಳಲು ಅವನ ಕಡೆ ತಿರುಗಿದೆ. ಬಾಯಿ ಅವನ ಕಡೆ ಇತ್ತು, ಮೂಗು ಹೊಗೆಯ ಕಡೆ ಇತ್ತು, ಕೈ ಮಾತ್ರ ಕುರಿಯ ಕಡೆ ಇತ್ತು. ಕುರಿ ಅದೇ ಗಳಿಗೆಯಲ್ಲಿ ಕೊಸರಿಕೊಂಡಿತು. ಸೂಜಿ ಕುರಿಯನ್ನು ಬಿಟ್ಟು ನನ್ನ ಎಡಗೈಯ ಹೆಬ್ಬೆರಳಿಗೆ ನೆಟ್ಟಿತು.

"ಅಯ್ಯಯ್ಯ, ಡಾಕ್ಟ್ರು ತಮಗ ಹಾಕ್ಕೊಂಡ್ರಲೇ!"

ಸಾಬೂನು ಹಚ್ಚಿ ತೊಳೆದುಕೊಂಡೆ. ಆಸ್ಪತ್ರೆಗೆ ಫೋನು ಮಾಡಿದರೆ ನಮ್ಮ ನಿಜವಾದ ಡಾಕ್ಟರು ಮೊದಲು ಬೈದು, ಆಮೇಲೆ ಈ ಲಸಿಕೆಯಿಂದ ಮನುಷ್ಯರಿಗೆ ಅಪಾಯವಿಲ್ಲ, ಆದರೂ ಹೋಗಿ ತೋರಿಸಿಕೊಂಡು ಧನುರ್ವಾಯುವಿನ ಸೂಜಿ ಹಾಕಿಸಿಕೋ ಎಂದರು. ಬೆರಳು ಬದನೆಕಾಯಿಯಂತೆ ಊದಿತು. ಸುದ್ದಿ ನನಗಿಂತ ಮೊದಲೇ ಶಹಾಪುರ ಮುಟ್ಟಿ, ಓಣಿಯಲ್ಲಿ ಹಾದು, ಮನೆಯೊಳಗೆ ಹೋಗಿ ಕೂತಿತ್ತು. ಬಾಗಿಲಲ್ಲಿ ಅತ್ತೆಯವರು ನನ್ನ ಬೆರಳು ನೋಡಿ, ಅರಿಶಿನ ಬಿಸಿಮಾಡಲು ನನ್ನ ಹೆಂಡತಿಗೆ ಹೇಳಿ, ಆಮೇಲೆ ಗಂಭೀರವಾಗಿ ಅಂದರು:

"ಒಂದ್ ಚಲೋ ಆತು ಬಿಡ್ರಿ. ಇನ್ನ ನಿಮಗ ಕುರಿ ಬ್ಯಾನಿ ಬರಂಗಿಲ್ಲ."

ಮಗಳ ಪರೀಕ್ಷೆ ಮುಗಿದ ಮೇಲೆ ಅತ್ತೆಯವರ ತಮ್ಮನ ಮಗಳ ಕುಬಸ ಬಂತು. ಬಸುರಿ ಹೆಂಗಸಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊರಿಗೆಲ್ಲ ಊಟ ಹಾಕುವ ಕಾರ್ಯ. ನಾವೆಲ್ಲರೂ ಅತ್ತೆಯವರ ಊರಿಗೆ ಹೋದೆವು. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಅಷ್ಟು ಉಂಡವನು ನೇರವಾಗಿ ಸ್ವರ್ಗಕ್ಕೆ ಹೋಗಬೇಕು. ನನಗೆ ಮಾತ್ರ ಸ್ವರ್ಗದ ಬಾಗಿಲಲ್ಲಿ ಸಿಗರೇಟು ಬೇಕಾಗಿತ್ತು. ಎಲೆ, ಅಡಿಕೆ, ತಂಬಾಕಿನ ತಟ್ಟೆ ಹೆಂಗಸರ ನಡುವೆ ಕೈಯಿಂದ ಕೈಗೆ ಹೋಗುತ್ತಿತ್ತು. ಅತ್ತೆಯವರು ತಟ್ಟೆಯನ್ನು ಕಣ್ಣೆತ್ತಿ ನೋಡದೆ ಮುಂದೆ ದಾಟಿಸಿದ್ದನ್ನು ಕಂಡು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಎದ್ದು ಹೋಗಿ, ಗಂಡಸರ ಗುಂಪಿನಲ್ಲಿದ್ದ ನೆಂಟನೊಬ್ಬನ ಹತ್ತಿರ ಒಂದು ಸಿಗರೇಟು ಕೇಳಿದೆ. "ನನಗಲ್ಲ, ನಮ್ಮ ಡ್ರೈವರಿಗೆ" ಎಂದೆ. ನಾವು ಬಂದದ್ದು ಬಸ್ಸಿನಲ್ಲಿ.

ಅಡುಗೆ ಒಲೆಯ ಹತ್ತಿರದಿಂದ ಕಡ್ಡಿಪೆಟ್ಟಿಗೆ ಎತ್ತಿಕೊಂಡು, ಯಾರೂ ನೋಡದಂತೆ ಹಿತ್ತಲಿಗೆ ಹೋದೆ. ಅಲ್ಲಿ ಜೋಳದ ಒಣದಂಟಿನ, ಅಂದರೆ ಕಣಿಕಿಯ, ದೊಡ್ಡ ಬಣವೆ ಇತ್ತು. ಅದರ ಹಿಂದೆ ತಿರುಗಿದರೆ ಅತ್ತೆಯವರು ನಿಂತಿದ್ದರು. ಎಡ ಅಂಗೈಯಲ್ಲಿ ತಂಬಾಕು, ಅದರ ಮೇಲೆ ಸುಣ್ಣ, ಬಲಗೈಯ ಹೆಬ್ಬೆರಳು ತಿಕ್ಕುತ್ತಿತ್ತು. ನನ್ನ ತುಟಿಯಲ್ಲಿ ಸಿಗರೇಟಿತ್ತು. ಕೈಯಲ್ಲಿ ಕಡ್ಡಿ.

ಅತ್ತೆಯವರ ಹೆಬ್ಬೆರಳು ನಿಂತಿತು.

"ನೀವ್ ಮೊದ್ಲ ಅದನ್ನ ಅತ್ತ ಒಗೀರಿ" ಎಂದರು ಅತ್ತೆಯವರು.

"ನೀವ್ ದೊಡ್ಡವ್ರು. ನೀವ್ ಮೊದ್ಲ ಒಗೀರಿ."

"ಕಣಿಕಿ ಬಣವಿ ಬಾಜೂಕ ನಿಂತು ಕಡ್ಡಿ ಕೊರಿತೀರಲ್ರಿ, ಊರ ಸುಡಬೇಕಂತ ಮಾಡೀರೇನು?"

ನಾನು ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿದೆ. ಅಷ್ಟರಲ್ಲಿ ಬಣವೆಯ ಆಚೆಯಿಂದ ಬಳೆಗಳ ಸದ್ದು ಕೇಳಿಸಿತು. ಬಂದವರು ಅತ್ತೆಯವರ ತಮ್ಮನ ಹೆಂಡತಿ, ಆ ಮನೆಯ ಯಜಮಾನಿ. ನಾನು ಸಿಗರೇಟನ್ನು ಜೇಬಿಗೆ ತುರುಕಿದೆ. ಅತ್ತೆಯವರು ಮುಷ್ಟಿ ಬಿಗಿ ಹಿಡಿದು ಸೆರಗಿನೊಳಗೆ ಸೇರಿಸಿದರು. ಆಕೆ ನಮ್ಮಿಬ್ಬರನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಏನ್ ಯಕ್ಕಾ ಇದು? ಅಳಿಯನ ಎದುರ ನಿಂತು ಮಾತಾಡಾಕತ್ತೀರಿ?"

ಅತ್ತೆಯವರು ಕಣ್ಣು ಮಿಟುಕಿಸಲಿಲ್ಲ. "ಅಳಿಯಂದ್ರು ದನದ ಡಾಕ್ಟ್ರಲ್ಲವಾ. ಕಣಿಕಿಗೆ ಬೂಷ್ಟ ಹತ್ಯಾದೇನ ನೋಡ್ತೀನಿ ಅಂದ್ರು. ತೋರ್ಸಾಕ ಕರ್ಕೊಂಡ್ ಬಂದೀನಿ."

ಈಗ ನೋಡುವ ಸರದಿ ನನ್ನದಾಯಿತು. ಬಣವೆಯಿಂದ ಒಂದು ದಂಟು ಎಳೆದೆ. ಮೂಸಿದೆ. ಬಾಗಿಸಿದೆ. ಇನ್ನೇನು ಮಾಡಬೇಕೋ ತಿಳಿಯದೆ ತುದಿಯನ್ನು ಕಚ್ಚಿ ಜಗಿದೆ. ಆಕೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಮ್ಯಾಲಿಂದು ಚಲೋ ಅದ್ರಿ" ಎಂದೆ. "ಕೆಳಗಿಂದು ಜರಾ ಹಸಿ ಇದ್ದಂಗದ. ಬಿಚ್ಚಿ ಬಿಸಿಲಿಗಿ ಹಾಕ್ರಿ."

ಆಕೆ ಗಂಡನನ್ನು ಕೂಗಿಕೊಂಡು ಹೋದರು. ಅತ್ತೆಯವರು ಮುಷ್ಟಿ ಬಿಚ್ಚಿದರು. ಸುಣ್ಣವೂ ಬೆವರೂ ಸೇರಿ ಅಂಗೈ ಕೆಂಪಾಗಿತ್ತು. ಅದನ್ನು ಒಂದು ಗಳಿಗೆ ನೋಡಿ, ತಂಬಾಕನ್ನು ಕೊಡವಿ, ಸೀರೆಗೆ ಕೈ ಒರೆಸಿಕೊಂಡರು. ಆಮೇಲೆ ನನ್ನ ಜೇಬಿನ ಕಡೆ ನೋಡಿದರು. ನಾನು ತೆಗೆದೆ. ಸಿಗರೇಟು ನಡುವೆ ಮುರಿದಿತ್ತು. ಅದನ್ನೂ ಅಲ್ಲೇ ಎಸೆದೆ. ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಚಪ್ಪರಕ್ಕೆ ಮರಳಿದೆವು.

ಇದನ್ನು ತ್ಯಾಗ ಎಂದು ಯಾರೂ ತಿಳಿಯಬಾರದು. ವಾಪಸು ಬರುವಾಗ ಬಸ್ಸು ಸುರಪುರ ಮುಟ್ಟುವವರೆಗೂ ನಾನು ಆ ಮುರಿದ ಸಿಗರೇಟಿನ ಉದ್ದನೆಯ ತುಂಡಿನ ಬಗ್ಗೆಯೇ ಯೋಚಿಸುತ್ತಿದ್ದೆ. ಅದನ್ನು ಆರಾಮಾಗಿ ಸೇದಬಹುದಾಗಿತ್ತು. ಇನ್ನು ಆ ಬಣವೆಯನ್ನು ಅವರು ನಿಜಕ್ಕೂ ಬಿಚ್ಚಿದರಂತೆ. ಕೆಳಗಿನ ಸಾಲು ನಿಜಕ್ಕೂ ಹಸಿಯಾಗಿತ್ತಂತೆ. ಒಂದು ದಂಟು ಜಗಿದು ಇಡೀ ಬಣವೆಯ ಹೊಟ್ಟೆಯೊಳಗಿನದನ್ನು ಹೇಳಿದ ಡಾಕ್ಟ್ರು ಎಂದು ಆ ಊರಿನಲ್ಲಿ ನನಗೆ ಈಗ ದೊಡ್ಡ ಹೆಸರಿದೆ. ಹೋದಾಗೆಲ್ಲ ಯಾರಾದರೊಬ್ಬರು ಜಗಿಯಲು ಒಂದು ಹಿಡಿ ಮೇವು ತಂದು ಮುಂದೆ ಹಿಡಿಯುತ್ತಾರೆ. ಇಲ್ಲವೆನ್ನಲು ಆಗುವುದಿಲ್ಲ.

ಮಳೆಗಾಲ ಶುರುವಾಗುವ ಮೊದಲು ಅತ್ತೆಯವರ ಕೆನ್ನೆಯನ್ನು ಮತ್ತೆ ತೋರಿಸಿದೆವು. ಕಲೆ ತೆಳುವಾಗಿದೆ, ಹೀಗೇ ಇರಲಿ, ಆಗಾಗ ಬಂದು ತೋರಿಸುತ್ತಿರಿ ಎಂದು ಡಾಕ್ಟರಮ್ಮ ಹೇಳಿದರು. ಬಿಡುವುದು ಕಷ್ಟವಾಯಿತೇ ಎಂದು ಕೇಳಿದ್ದಕ್ಕೆ ಅತ್ತೆಯವರು, "ನಂದೇನಿಲ್ರಿ, ಇವ್ರದ ಭಾಳ ಪರೇಶಾನಿ ಆತು. ಇವ್ರ ಸಲುವಾಗಿ ನಾ ಬಿಡಬೇಕಾತು" ಎಂದರು. ನಾನು ತಿದ್ದಲಿಲ್ಲ.

ಬಿತ್ತನೆಯ ಹೊತ್ತಿಗೆ ಅವರು ಊರಿಗೆ ಹೋದರು. ಹೊರಡುವಾಗ ನನ್ನ ನಂಬರು ತಮ್ಮ ಫೋನಿನಲ್ಲಿ ಎಲ್ಲಿದೆ ಎಂದು ಮೊಮ್ಮಗಳಿಂದ ತೋರಿಸಿಕೊಂಡರು. ಶ್ರಾವಣದಲ್ಲಿ ಒಂದು ದಿನ ಜಿಟಿಜಿಟಿ ಮಳೆಗೆ ಸುರಪುರದ ಚಾದಂಗಡಿಯಲ್ಲಿ ಸಿಕ್ಕಿಕೊಂಡಿದ್ದಾಗ, ಪಕ್ಕದವನು ಕೊಟ್ಟ ಸಿಗರೇಟನ್ನು ನಾನು ಎರಡು ಸಲ ಎಳೆದುಬಿಟ್ಟೆ. ತಲೆ ಗಿರ್ರೆಂದು ತಿರುಗಿ ಬೆಂಚಿನ ಮೇಲೆ ಒರಗಿದೆ. ಅಂಗಡಿಯವನು ಮುಖಕ್ಕೆ ನೀರು ಹೊಡೆದು, ಇಷ್ಟು ವಯಸ್ಸಾದ ಮೇಲೆ ಹೊಸದಾಗಿ ಕಲಿಯಬಾರದು ಎಂದು ಬುದ್ಧಿ ಹೇಳಿದ. ಅಲ್ಲಿಂದಲೇ ಅತ್ತೆಯವರಿಗೆ ಫೋನು ಮಾಡಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ನಾನೂ ಹ್ವಾದ ವಾರ ಥೋಡೆ ಹಾಕ್ಕೊಂಡಿದ್ನಿ" ಎಂದರು. "ಬಾಯಿ ಬೆಂಕಿ ಬಿದ್ದಂಗಾತು. ಉಗುಳಿ ಬಾಯಿ ಮುಕ್ಕಳಿಸಿದೆ. ನೀವ್ ಮೊದ್ಲ ಹೇಳ್ಲಿ ಅಂತ ಕಾಯಾಕತ್ತಿದ್ದೆ."

ಅಂದಿನಿಂದ ನಾನು ಸೇದಿಲ್ಲ. ಇದನ್ನು ಗಟ್ಟಿಯಾಗಿ ಹೇಳಲು ಈಗಲೂ ಹೆದರಿಕೆ. ಹೊಟ್ಟೆ ಬೆಳೆದು ಹಳೆಯ ಪ್ಯಾಂಟುಗಳು ಗೂಟದಲ್ಲೇ ಉಳಿದಿವೆ. ಟಿ.ವಿ.ಯ ಹೆಣ್ಣುಮಗಳ ಜೊತೆ ರಾಜಿಯಾಗಿದೆ. ಸಿಗರೇಟಿನ ನೆನಪು ಮಾತ್ರ ಹೇಳದೆ ಕೇಳದೆ ಬರುತ್ತದೆ. ಅತ್ತೆಯವರಿಗೂ ಬರುತ್ತದೆ. ಮೊನ್ನೆ ಮಧ್ಯಾಹ್ನ ನಾನು ಹತ್ತಿಕುಣಿ ಕಡೆ ಕೆಲಸದ ಮೇಲೆ ಹೋಗಿದ್ದಾಗ ಅವರ ಫೋನು ಬಂತು. ಅವರು ಹತ್ತಿ ಬಿಡಿಸಲು ಹೋಗಿದ್ದರು.

"ಇವತ್ತ ಭಾಳ ಎಳ್ಯಾಕತ್ತದ್ರಿ. ಬಾಜೂಕ ಎಲ್ಲಾರೂ ಹಾಕ್ಕೊಂಡು ಕುಂತಾರ."

"ನನಗೂ ಈಗ ಹಂಗ ಆಗಾಕತ್ತದ್ರಿ ಅತ್ತಿ."

"ಹೌದಾ?"

"ಹೌದ್ರಿ."

ಇಬ್ಬರೂ ಫೋನು ಇಡಲಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಆ ಕಡೆ ಹೆಂಗಸರ ಮಾತು, ದೂರದಲ್ಲಿ ಯಾರದೋ ಆಡು ಒದರುವುದು ಕೇಳಿಸುತ್ತಿತ್ತು. ಅದು ಗಂಟಲು ನೋವಿನ ಆಡು, ನಾಳೆ ತೋರಿಸಲು ಹೇಳಬೇಕು ಎಂದುಕೊಂಡೆ.

"ಹೂಂ, ಹ್ವಾತು ನೋಡ್ರಿ" ಎಂದರು ಅತ್ತೆಯವರು. "ನಿಮ್ದು?"

"ಹೊಂಟದ್ರಿ."

"ಹಂಗಾರ ಇಡ್ತೀನಿ, ಹತ್ತಿ ಬಿಡಸೂದದ" ಎಂದು ಫೋನು ಇಟ್ಟರು.